ಎಲ್ಲ ಬರಲಿ, ಹೇಗಾದರೂ ಬರಲಿ

ವಿರಾಜಪೇಟೆ. ಕರಿಮೆಣಸು ತೂಗುವವರ ಮೇಲಿನ ಮಹಡಿ.
ಕೆಳಗೆ ತಕ್ಕಡಿಯ ಸರಪಳಿ ಆಡಿದಾಗೆಲ್ಲ
ನನ್ನ ಮೇಜೂ ಗುಲಗಂಜಿಯಷ್ಟು ಅಲುಗುತ್ತದೆ.
ಮೇದಪ್ಪನವರ ಕಡತ ತೆರೆದಿದೆ, ತೊಂಬತ್ತೆರಡನೇ ಇಸವಿಯದು.
ಏಳು ಫ್ಲಾಪಿಯಲ್ಲಿ ಬಂತು, ಒಂದಕ್ಕೆ ಬೂಸ್ಟು ಹಿಡಿದಿತ್ತು.
ಕಾಡಲ್ಲಿ ತಿನ್ನಲು ಸಿಗುವುದರ ಪಟ್ಟಿ:
ಸೊಪ್ಪು, ಗೆಡ್ಡೆ, ಏಡಿ, ಕಳಲೆ, ಅಣಬೆ.

ಎಸ್‌ಜಿಎಂಎಲ್ ಎಂಬ ಹಳೇ ಭಾಷೆ.
ಹೊಸದಕ್ಕೆ ದಾಟಿಸಲು ನನಗೆ ಮೂರು ತಿಂಗಳ ಸಂಬಳ.

ಮೊದಲ ತಿಂಗಳು ಬಾಗಿಲು ಹಾಕುವುದರಲ್ಲೇ ಹೋಯಿತು.
ಮೇದಪ್ಪ ಒಂದು ನಮೂದನ್ನೂ ಮುಚ್ಚಿದವರಲ್ಲ.
ಹಳೆಯದು ಅದಕ್ಕೆ ಒಪ್ಪುತ್ತಿತ್ತು:
ಇನ್ನೊಬ್ಬ ಒಳಗೆ ಕಾಲಿಟ್ಟನೆಂದರೆ
ಹಿಂದಿನವನು ಎದ್ದು ಹೋದನೆಂದೇ ಲೆಕ್ಕ.
ಹೊಸದಕ್ಕೆ ಅಷ್ಟು ನಂಬಿಕೆ ಸಾಲದು,
ಹೋದವರೆಲ್ಲ ಹೇಳಿಯೇ ಹೋಗಬೇಕು.

ನಿಯಮದ ಹಾಳೆ ಚಿಕ್ಕದು. ಯಾವುದರೊಳಗೆ ಏನಿರಬೇಕು, ಅಷ್ಟೆ.
ಪ್ರಶ್ನೆ ಗುರುತಿದ್ದರೆ, ಬಂದರೆ ಬರಲಿ.
ಕೂಡುವ ಗುರುತಿದ್ದರೆ ಒಬ್ಬರಾದರೂ ಬೇಕು.
ನಕ್ಷತ್ರದ ಕೆಳಗೆ ಎಷ್ಟು ಜನವೂ ಸರಿ, ಯಾರೂ ಇಲ್ಲದಿದ್ದರೂ ಸರಿ.
(ನಮ್ಮ ಮನೆಯ ಮದುವೆ ಪಟ್ಟಿ ಹೀಗೇ ಬರೆಯಬಹುದಿತ್ತು,
ಚಿಕ್ಕಪ್ಪನ ಹೆಸರಿನ ಮುಂದೆ ಪ್ರಶ್ನೆ ಗುರುತು.)
ಅಲ್ಪವಿರಾಮ ಎಂದರೆ ಸಾಲಾಗಿ ನಿಲ್ಲಿ, ನೂಕಬೇಡಿ.

ಆದರೆ ಹೆಸರು, ತಿಂಗಳು, ಜಾಗ, ಈ ಮೂರರ ನಡುವೆ
ಮೇದಪ್ಪ ಅಲ್ಪವಿರಾಮ ಹಾಕಿಲ್ಲ.
ಗಂಟು ಬಿದ್ದ ಹಗ್ಗದಂಥ ಗುರುತೊಂದು ಇಟ್ಟಿದ್ದಾರೆ, & —
ಎಲ್ಲ ಬರಲಿ, ಹೇಗಾದರೂ ಬರಲಿ.
ಹೊಸ ಭಾಷೆ ಮಾಡಿದವರು
ದಾರಿಯಲ್ಲಿ ಅದನ್ನು ಕೈಬಿಟ್ಟಿದ್ದಾರೆ.

ಸಾಲು ೨೧೪೬: ಇಲ್ಲಿ ‘ಜಾಗ’ ಬರುವಂತಿಲ್ಲ.
ಸಾಲು ೨೧೫೩: ಇಲ್ಲಿ ‘ಜಾಗ’ ಬರುವಂತಿಲ್ಲ.
ನಾನೂರ ಹನ್ನೊಂದು ಸಲ.

ದೇಚಮ್ಮ ಮೇಡಂ ಕನ್ನಡಕದ ಮೇಲಿಂದ ನೋಡಿ
‘ಅವರದು ಉದಾಸೀನ ಅಷ್ಟೆ. ಹೆಸರು ಮೊದಲು ತಾ,
ಸಂಜೆಗೆ ಮುಗಿಯುತ್ತೆ’ ಅಂದರು.
ಮುಗಿಯುತ್ತಿತ್ತು ಕೂಡ. ಒಂದು ಆಜ್ಞೆ, ಒಂದು ಲೋಟ ಕಾಫಿ.

ಆಗ ಕಣ್ಣಿಗೆ ಬಿತ್ತು, ಗೀಟುಗಳ ನಡುವೆ,
ಯಂತ್ರ ಓದದೆ ದಾಟುವ, ಮನುಷ್ಯರಿಗೆಂದು ಬಿಟ್ಟ ಸಾಲು:
‘ಚೋಮಿ ಹೆಸರನ್ನು ಕೊನೆಗೆ ಹೇಳುತ್ತಾಳೆ. ತಿದ್ದಬೇಡಿ.’

ಹಿಂದಕ್ಕೆ ಹೋಗಿ ೨೧೪೬ ಓದಿದೆ.
ತಿತಿಮತಿ ಕಡೆಯ ಯರವರ ಹಾಡಿಯ ಚೋಮಿ.
ಜಾಗ: ಬಿದಿರ ಮೆಳೆಯ ಹಿಂದೆ, ಹಂದಿ ಮೂತಿ ಹಾಕಿದ ಮಣ್ಣು,
ಹೋಗುವಾಗ ಕೆಮ್ಮಬಾರದು.
ತಿಂಗಳು: ಮೊದಲ ಗುಡುಗಿನ ಮಾರನೇ ಬೆಳಗ್ಗೆ.
ಹೆಸರು: ಈಗ ಬೇಡ. ಕರೆದರೆ ಅಡಗುತ್ತದೆ.
ಕಿತ್ತು ಬುಟ್ಟಿಗೆ ಹಾಕಿದ ಮೇಲೆ ಹೇಳುತ್ತೇನೆ.
ಆಮೇಲೆ, ಇನ್ನೊಂದು ಸಾಲು ಬಿಟ್ಟು, ಹೆಸರು.

ಮೂರು ಜನ ನಿಲ್ಲಲು ಆರು ಬಗೆ.
ಆರನ್ನೂ ಬರೆದೆ. ಬರೆದದ್ದು ಸಾಲಲಿಲ್ಲ.
ಬಾಗಿಲಲ್ಲಿ ಮೊದಲು ಕಂಡ ಮುಖ ನೋಡಿಯೇ
ಯಂತ್ರ ದಾರಿ ಹೇಳಬೇಕಂತೆ,
ಹಿಂದೆ ಯಾರಿದ್ದಾರೆಂದು ಇಣುಕುವಂತಿಲ್ಲ.
ಮತ್ತೆ ಬಿಚ್ಚಿ ಕಟ್ಟಿದೆ: ಮೂರು ಕವಲು, ಕವಲಿಗೆರಡು ಟಿಸಿಲು,
ಕಂಸದೊಳಗೆ ಕಂಸ, ಎಣಿಸಿ ಎಣಿಸಿ ಬೆರಳು ಸೋತು.
ಕೆಳಗೆ ಷಟರ್ ಎಳೆದ ಸದ್ದು. ತಕ್ಕಡಿ ನಿಂತಿತ್ತು.
ಕಡೆಯ ಬಸ್ಸು ಗೋಣಿಕೊಪ್ಪಕ್ಕೆ ನನ್ನನ್ನು ಬಿಟ್ಟು ಹೋಯಿತು.

ಎಲ್ಲ ಸರಿಯಿದ್ದರೆ ಯಂತ್ರ ಏನೂ ಹೇಳುವುದಿಲ್ಲ.
ಏನೂ ಹೇಳಲಿಲ್ಲ.

ಪುಸ್ತಕವಾದಾಗ ದಪ್ಪ ಅಕ್ಷರದಲ್ಲಿ
ಹೆಸರೇ ಮೊದಲು ಬರುತ್ತದೆ, ಗೊತ್ತು.
ಅಚ್ಚಿನವರು ಅಕಾರಾದಿ ಮಾಡುತ್ತಾರೆ, ಮೇಡಂ ಮುನ್ನುಡಿ ಬರೆಯುತ್ತಾರೆ.
ಕಡತದೊಳಗೆ ಮಾತ್ರ ಚೋಮಿ
ಮೆಳೆಯ ಹಿಂದೆ ಕೂತು ಮಣ್ಣು ಸರಿಸುತ್ತಿದ್ದಾಳೆ,
ಬುಟ್ಟಿ ಇನ್ನೂ ಖಾಲಿ,
ತುಟಿ ಮುಚ್ಚಿದೆ.